ಇದಕ್ಕೆ ಬೇಸ್ ವಾಯ್ಸೇ ಬೇಕು, ಮೇಡಂ

ಡಾನ್ ಲಾಫಾಂಟೇನ್ ಎಂಬ ಹೆಸರು ಗೊತ್ತಿಲ್ಲದವರಿಗೂ ಅವರ ದನಿ ಗೊತ್ತಿರುತ್ತದೆ. ಚಿತ್ರಮಂದಿರದ ದೀಪ ಆರಿ, ಪರದೆ ಇನ್ನೂ ಕಪ್ಪಾಗಿರುವಾಗಲೇ 'ಇನ್ ಎ ವರ್ಲ್ಡ್...' ಎಂದು ಗುಡುಗುತ್ತಿದ್ದ ಗಂಡು ದನಿ. ಅಲ್ಲೊಂದು ಲೋಕ, ಆ ಲೋಕದಲ್ಲಿ ನ್ಯಾಯ ಸತ್ತಿದೆ, ಒಬ್ಬನೇ ಒಬ್ಬ ಎದೆಯೊಡ್ಡಿ ನಿಂತಿದ್ದಾನೆ. ಅಷ್ಟು ಹೇಳಿದರೆ ಸಾಕು, ಸೀಟಿನಲ್ಲಿ ಕೂತವರ ಬೆನ್ನು ನೆಟ್ಟಗಾಗುತ್ತಿತ್ತು. ಪ್ರೇಕ್ಷಕರನ್ನು ಕರೆದೊಯ್ಯಬೇಕಾದ ಜಗತ್ತನ್ನು ಕೆಲವೇ ಕ್ಷಣಗಳಲ್ಲಿ ಕಟ್ಟಿಕೊಡಬೇಕಲ್ಲ, ಅದಕ್ಕೇ ಆ ಎತ್ತುಗಡೆ ಎಂದು ಅವರು ವಿವರಿಸುತ್ತಿದ್ದರು. ಐದು ಸಾವಿರಕ್ಕೂ ಹೆಚ್ಚು ಟ್ರೇಲರ್‌ಗಳಿಗೆ ದನಿ ಕೊಟ್ಟವರು. ಲಾಸ್ ಏಂಜಲೀಸ್‌ನಲ್ಲಿ ಒಂದು ಸ್ಟುಡಿಯೋದಿಂದ ಇನ್ನೊಂದಕ್ಕೆ ಓಡಾಡಲು ಡ್ರೈವರ್ ಸಮೇತ ಲಿಮೋಸಿನ್ ಇಟ್ಟುಕೊಂಡಿದ್ದರು, ಪಾರ್ಕಿಂಗ್ ಹುಡುಕುವಷ್ಟು ಪುರುಸೊತ್ತೂ ಇರಲಿಲ್ಲ. 2008ರ ಸೆಪ್ಟೆಂಬರ್ 1ರಂದು, 68ನೇ ವಯಸ್ಸಿನಲ್ಲಿ ತೀರಿಕೊಂಡರು.

ಅವರು ಹೋದಮೇಲೆ ಆ ಜಾಗಕ್ಕೆ ಯಾರು ಬರುತ್ತಾರೆ? ಈ ಪ್ರಶ್ನೆಯ ಮೇಲೆ ಒಂದು ಇಡೀ ಹಾಸ್ಯಚಿತ್ರ ನಿಂತಿದೆ. ಲೇಕ್ ಬೆಲ್ ಬರೆದು, ನಿರ್ದೇಶಿಸಿ, ತಾವೇ ಮುಖ್ಯ ಪಾತ್ರ ಮಾಡಿದ 'ಇನ್ ಎ ವರ್ಲ್ಡ್...'. 2013ರ ಜನವರಿಯಲ್ಲಿ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ ಕಂಡು, ಅಲ್ಲಿ ಚಿತ್ರಕಥೆಗೆ ಕೊಡುವ ವಾಲ್ಡೋ ಸಾಲ್ಟ್ ಪ್ರಶಸ್ತಿ ಪಡೆಯಿತು. ಸಿನಿಮಾ ಶುರುವಾಗುವುದೇ ಲಾಫಾಂಟೇನ್ ಅವರ ನೆನಪಿನಿಂದ. ಈ ಸಿನಿಮಾ ಬಗ್ಗೆ ಬರೆಯಬೇಕೆಂದು ಬಹಳ ಕಾಲದಿಂದ ಅಂದುಕೊಂಡಿದ್ದೆ. ನಕ್ಕು ಮರೆಯುವ ಸಿನಿಮಾ ಎಂದು ಹಲವರು ಇದನ್ನು ಪಕ್ಕಕ್ಕಿಡುತ್ತಾರೆ. ನನಗೆ ಹಾಗೆ ಆಗಲಿಲ್ಲ. ದನಿಯನ್ನೇ ನೆಚ್ಚಿ ಒಂದಿಷ್ಟು ಕೆಲಸ ಮಾಡಿದವಳು ನಾನು, ಕಾರ್ಪೊರೇಟ್ ವಿಡಿಯೋಗಳಿಗೆ, ಸಾಕ್ಷ್ಯಚಿತ್ರಗಳಿಗೆ, ಮಕ್ಕಳ ಕಥೆಗಳಿಗೆ. ಇದರಲ್ಲಿ ಬರುವ ಮಾತುಗಳಲ್ಲಿ ಎಷ್ಟನ್ನು ನಾನೇ ಕಿವಿಯಾರೆ ಕೇಳಿದ್ದೇನೋ.

ಕಥೆ ಇಷ್ಟು. ಕ್ಯಾರಲ್ ಸಾಲೊಮನ್ ನಟರಿಗೆ ಉಚ್ಚಾರಣೆ ಕಲಿಸುವ ವಾಯ್ಸ್ ಕೋಚ್. ಕೈಯಲ್ಲಿ ಸದಾ ಒಂದು ಟೇಪ್ ರೆಕಾರ್ಡರ್. ಎಲ್ಲಿ ಹೊಸ ರಾಗದ ಮಾತು ಕಿವಿಗೆ ಬಿತ್ತೋ ಅಲ್ಲಿ ಅದನ್ನು ಹಿಡಿದಿಟ್ಟುಕೊಳ್ಳುವ ಹುಚ್ಚು. ಅಪ್ಪ ಸ್ಯಾಮ್ ಸೊಟ್ಟೊ ಟ್ರೇಲರ್ ಲೋಕದ ದೊರೆ, ಲಾಫಾಂಟೇನ್ ಬದುಕಿದ್ದಷ್ಟು ದಿನ ಎರಡನೆಯವನಾಗಿಯೇ ಉಳಿದವನು. ಮೂವತ್ತು ದಾಟಿದರೂ ಅಪ್ಪನ ಮನೆಯಲ್ಲೇ ಇದ್ದ ಮಗಳನ್ನು ಅವನು ಹೊರಗೆ ಕಳಿಸುತ್ತಾನೆ, ಯಾಕೆಂದರೆ ತನಗಿಂತ ಬಹಳ ಚಿಕ್ಕವಳಾದ ಗೆಳತಿ ಜೇಮೀ ಮನೆಗೆ ಬರುವವಳಿದ್ದಾಳೆ. ಕ್ಯಾರಲ್ ಅಕ್ಕನ ಮನೆಯ ಸೋಫಾ ಸೇರುತ್ತಾಳೆ. ಅಷ್ಟರಲ್ಲಿ 'ದಿ ಅಮೆಜಾನ್ ಗೇಮ್ಸ್' ಎಂಬ ಭಾರೀ ಸಿನಿಮಾ ಸರಣಿಯ ಟ್ರೇಲರ್‌ಗೆ ಆ ಹಳೆಯ ಮೂರು ಪದಗಳನ್ನು ಮತ್ತೆ ಬಳಸುವುದು ಎಂದಾಗುತ್ತದೆ. ಆ ಪದಗಳನ್ನು ಹೇಳುವವರು ಯಾರು? ಅಪ್ಪನ ಮನಸ್ಸಿನಲ್ಲಿ ಉತ್ತರಾಧಿಕಾರಿ ನಿಶ್ಚಯವಾಗಿದ್ದಾನೆ. ಅವನು ಗುಸ್ತಾವ್ ವಾರ್ನರ್, ಸಿರಿವಂತ, ಸೊಕ್ಕಿನವ, ದನಿಯಲ್ಲಿ ಖದರ್ ಇರುವವ. ಮಗಳ ಹೆಸರು ಅಪ್ಪನ ತಲೆಗೆ ಹೊಳೆಯುವುದೇ ಇಲ್ಲ.

ಆ ಹೊಳೆಯದೇ ಇರುವುದನ್ನು ಲೇಕ್ ಬೆಲ್ ಎಷ್ಟು ನಿಖರವಾಗಿ ಬರೆದಿದ್ದಾರೆ! ಸ್ಯಾಮ್ ಕೆಟ್ಟವನಲ್ಲ. ಮಗಳ ಮೇಲೆ ಕೈ ಎತ್ತುವುದಿಲ್ಲ, ದನಿ ಎತ್ತುವುದೂ ಅಪರೂಪ. ಈ ಉದ್ಯಮಕ್ಕೆ ಹೆಣ್ಣು ದನಿಯ ಹಸಿವಿಲ್ಲ ಎಂಬರ್ಥದ ಮಾತನ್ನು ಮೆತ್ತಗೆ, ಬುದ್ಧಿ ಹೇಳುವ ಹಾಗೆ ಹೇಳುತ್ತಾನೆ. ಮಗಳಿಗೆ ನೋವಾಗದಿರಲಿ, ಸುಮ್ಮನೆ ಆಸೆ ಇಟ್ಟುಕೊಂಡು ಕೊರಗದಿರಲಿ ಎಂಬ ಕಾಳಜಿಯೂ ಆ ಮಾತಿನಲ್ಲಿ ಬೆರೆತಿದೆ. ಹಿತವಚನದ ರೂಪದಲ್ಲಿ ಬರುವ ಇಂಥ ಅಡ್ಡಗೋಡೆಯನ್ನು ದಾಟುವುದು ಬೈಗುಳವನ್ನು ಎದುರಿಸುವುದಕ್ಕಿಂತ ಕಷ್ಟ. ಸ್ಯಾಮ್ ಪಾತ್ರ ಮಾಡಿದ ಫ್ರೆಡ್ ಮೆಲಾಮೆಡ್ ನಿಜಜೀವನದಲ್ಲೂ ವರ್ಷಗಟ್ಟಲೆ ವಾಯ್ಸ್ ಓವರ್ ಕೆಲಸ ಮಾಡಿದವರು. ಆ ದನಿಯ ತೂಕ, ಅದು ಕೊಡುವ ಅಧಿಕಾರ, ಆ ಅಧಿಕಾರದಲ್ಲಿ ಮೈಮರೆತ ಮನುಷ್ಯನ ಬಾಲಿಶತನ ಎಲ್ಲವೂ ಅವರ ಬಾಯಿಂದ ತಾನಾಗಿ ಹೊರಡುತ್ತದೆ. ಬೆಳಗಿನ ಕಾಫಿ ಬೇಕು ಅನ್ನುವುದನ್ನೂ ಪ್ರಳಯದ ಸುದ್ದಿಯಂತೆ ಹೇಳಬಲ್ಲ ಕಂಠ ಅದು.

ಮುಂದೆ, ಗುಸ್ತಾವ್‌ಗೆ ಪೈಪೋಟಿ ಕೊಡುತ್ತಿರುವ ಅಪರಿಚಿತ ದನಿ ತನ್ನ ಮಗಳದೇ ಎಂದು ಸ್ಯಾಮ್‌ಗೆ ಗೊತ್ತಾಗುತ್ತದೆ. ಅಪ್ಪಂದಿರು ಸಿನಿಮಾಗಳಲ್ಲಿ ಇಂಥ ಹೊತ್ತಲ್ಲಿ ಕಣ್ಣೀರು ತುಂಬಿಕೊಂಡು ಮಗಳನ್ನು ಅಪ್ಪಿಕೊಳ್ಳುತ್ತಾರೆ. ಸ್ಯಾಮ್ ಮಾತ್ರ, ತಾನು ಬಿಟ್ಟುಕೊಟ್ಟಿದ್ದ ಅವಕಾಶಕ್ಕೆ ಮತ್ತೆ ತಾನೇ ಕೈಚಾಚುತ್ತಾನೆ. ಗುಸ್ತಾವ್‌ಗೆ ಧಾರಾಳವಾಗಿ ಕೊಡಲು ಸಿದ್ಧನಿದ್ದ ಪಟ್ಟವನ್ನು ಸ್ವಂತ ಮಗಳಿಗೆ ಕೊಡಲಾರ. ಇಡೀ ಸಿನಿಮಾದಲ್ಲಿ ನಾನು ನಗಲಾಗದೆ ಕೂತ ಜಾಗ ಇದೊಂದೇ. ಸಂಗೀತಗಾರರ, ರಂಗಭೂಮಿಯವರ, ವೈದ್ಯರ ಎಷ್ಟೋ ಮನೆಗಳಲ್ಲಿ ವಿದ್ಯೆ ಹೊರಗಿನ ಶಿಷ್ಯನಿಗೆ ದಕ್ಕಿ, ಒಳಗೇ ಕೂತು ಎಲ್ಲವನ್ನೂ ಕೇಳಿಸಿಕೊಂಡ ಮಗಳಿಗೆ ದಕ್ಕದೆ ಹೋಗಿದೆ. ಕ್ಯಾರಲ್ ಹುಟ್ಟಿದಂದಿನಿಂದ ಆ ದನಿಯನ್ನು ಕೇಳಿ ಬೆಳೆದವಳು. ಅದರ ಉಸಿರು, ನಿಲುಗಡೆ, ಯಾವ ಅಕ್ಷರಕ್ಕೆ ಒತ್ತು, ಯಾವುದಕ್ಕೆ ಇಲ್ಲ, ಎಲ್ಲ ಅವಳಿಗೆ ಕರತಲಾಮಲಕ. ಮನೆಯೇ ಗುರುಕುಲ, ಆದರೆ ಗುರುವಿಗೆ ಮಾತ್ರ ಅವಳು ಶಿಷ್ಯೆಯೆಂದು ಗೊತ್ತಿಲ್ಲ.

ಗಂಡು ದನಿಗೇ ಯಾಕೆ ಈ ಪಟ್ಟ? ಅದು ಪ್ರಕೃತಿ ನಿಯಮ ಎಂದು ಸ್ಟುಡಿಯೋಗಳಲ್ಲಿ ಬಹಳ ಜನ ಪ್ರಾಮಾಣಿಕವಾಗಿ ನಂಬುತ್ತಾರೆ. ಲೆಕ್ಕ ನೋಡಿದರೆ ಹಾಗಿಲ್ಲ. ಮಾತನಾಡುವಾಗ ಗಂಡಸರ ದನಿಯ ಮೂಲ ಕಂಪನ ಸುಮಾರು 85ರಿಂದ 180 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಸಲ, ಹೆಂಗಸರದು 165ರಿಂದ 255 ಹರ್ಟ್ಸ್. ಎರಡೂ ಒಂದರ ಮೇಲೊಂದು ಹಾಯುತ್ತವೆ, ನಡುವೆ ಕಡಿದಾದ ಗೋಡೆಯೇನೂ ಇಲ್ಲ. ಇನ್ನು ಟ್ರೇಲರ್‌ನಲ್ಲಿ ಕೇಳುವ ಆ ಎದೆನಡುಗಿಸುವ ಗಾಂಭೀರ್ಯದಲ್ಲಿ ಮೈಕಿನ ಪಾಲು ಬಹಳ ಇದೆ. ಸ್ಟುಡಿಯೋದ ಕಾರ್ಡಿಯಾಯ್ಡ್ ಮೈಕಿಗೆ, ಅಂದರೆ ಎದುರಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವ ಮೈಕಿಗೆ, ಬಾಯಿ ಹತ್ತಿರ ತಂದಷ್ಟೂ ಕೆಳಗಿನ ಸ್ವರಗಳು ಉಬ್ಬಿಕೊಳ್ಳುತ್ತವೆ. ಯಾರೇ ಹತ್ತಿರ ಹೋಗಿ ಮಾತಾಡಲಿ, ಅದು ಹಾಗೇ ನಡೆದುಕೊಳ್ಳುತ್ತದೆ. ಅದರ ಮೇಲೆ ದನಿಯ ಏರಿಳಿತ ತಿದ್ದುವ ಇಕ್ವಲೈಸರ್, ಕಂಪ್ರೆಸರ್ ಎಂಬ ಸಾಧನಗಳು, ಹಿಂದೆ ನಗಾರಿಯಂಥ ಸದ್ದು. ಹೆಣ್ಣುಮಗಳೊಬ್ಬಳು ತನ್ನ ದನಿಯ ತಳಕ್ಕಿಳಿದು, ಅವಸರವಿಲ್ಲದೆ ಹೇಳಿದರೆ ಅದರಲ್ಲಿ ಹುಟ್ಟುವ ಗತ್ತು ಬೇರೆಯದೇ ಬಗೆಯದು, ಕಡಿಮೆ ತೂಕದ್ದಂತೂ ಅಲ್ಲ. ಕೇಳಿ ಅಭ್ಯಾಸವಿಲ್ಲದ್ದಷ್ಟೇ ಅಡ್ಡಿ. ಹಾಲಿವುಡ್‌ನಲ್ಲಿ ದೊಡ್ಡ ಆಕ್ಷನ್ ಸಿನಿಮಾದ ಟ್ರೇಲರ್‌ಗೆ ಹೆಣ್ಣು ದನಿ ಎಂದಾಗಲೆಲ್ಲ 2000ದಲ್ಲಿ ಬಂದ 'ಗಾನ್ ಇನ್ 60 ಸೆಕೆಂಡ್ಸ್' ಉದಾಹರಣೆಯನ್ನೇ ಕೊಡುತ್ತಾರೆ, ಅದಕ್ಕೆ ದನಿ ಕೊಟ್ಟವರು ಮೆಲಿಸ್ಸಾ ಡಿಸ್ನಿ. ಒಂದೇ ಉದಾಹರಣೆಯನ್ನು ಮತ್ತೆ ಮತ್ತೆ ಕೊಡಬೇಕಾಗಿ ಬಂದಿದೆ ಎಂಬುದನ್ನು ಗಮನಿಸಿ.

ಈ ಅಭ್ಯಾಸದ ಬೇರು ಹಳೆಯದು. 1933ರಲ್ಲಿ ಬಿಬಿಸಿ ತನ್ನ ರಾಷ್ಟ್ರೀಯ ಪ್ರಸಾರಕ್ಕೆ ಶೀಲಾ ಬೊರೆಟ್ ಅವರನ್ನು ಉದ್ಘೋಷಕಿಯಾಗಿ ತೆಗೆದುಕೊಂಡಿತು. ಕೇಳುಗರ ದೂರುಗಳು ಹರಿದುಬಂದು, ಕೆಲವೇ ತಿಂಗಳಲ್ಲಿ ಅವರನ್ನು ಆ ಜಾಗದಿಂದ ತೆಗೆಯಲಾಯಿತು.

ಆದರೆ ಹೆಣ್ಣು ದನಿಗೆ ಎಲ್ಲೂ ಜಾಗವಿಲ್ಲ ಎನ್ನುವ ಹಾಗೂ ಇಲ್ಲ. ಜಾಗ ಬೇಕಾದಷ್ಟಿದೆ, ಅದು ಎಂಥ ಜಾಗ ಎಂಬುದೇ ನನ್ನನ್ನು ಕಾಡುವುದು. ಈ ಸಿನಿಮಾ ಬಿಡುಗಡೆಯಾದ 2013ರಲ್ಲೇ, ಐಫೋನಿನ ಅಮೆರಿಕನ್ 'ಸಿರಿ'ಯ ದನಿ ತಮ್ಮದೆಂದು ಸೂಸನ್ ಬೆನೆಟ್ ಎಂಬ ಕಲಾವಿದೆ ಬಹಿರಂಗಪಡಿಸಿದರು. 2005ರಲ್ಲಿ ಯಾವುದೋ ಕಂಪನಿಗೆಂದು ದಿನಗಟ್ಟಲೆ ಕೂತು ಓದಿಕೊಟ್ಟ ವಾಕ್ಯಗಳು ಅವು. ಮುಂದೆ ಅವು ಕೋಟ್ಯಂತರ ಜೇಬುಗಳಲ್ಲಿ ಮಾತಾಡುತ್ತವೆಂದು ಓದುವಾಗ ಅವರಿಗೇ ಗೊತ್ತಿರಲಿಲ್ಲ. ಕೇಳಿದ್ದಕ್ಕೆ ಉತ್ತರಿಸುವುದು, ದಾರಿ ತೋರಿಸುವುದು, ಕಾಯಿರಿ ಎಂದು ವಿನಂತಿಸುವುದು, ಕ್ಷಮಿಸಿ ಎನ್ನುವುದು, ಇವೆಲ್ಲ ಹೆಣ್ಣು ದನಿಯ ಪಾಲು. ಲೋಕವೊಂದು ಹೀಗಿತ್ತು ಎಂದು ಕಥೆ ಎತ್ತುವುದು, ಅಪ್ಪಣೆ ಕೊಡುವುದು, ಕೊನೆಯ ತೀರ್ಪು ಹೇಳುವುದು ಗಂಡು ದನಿಯ ಪಾಲು.

ನಮ್ಮಲ್ಲೇ ನೋಡಿ. 'ಬಿಗ್ ಬಾಸ್' ಕನ್ನಡದ ಮನೆಯೊಳಗೆ ಅಪ್ಪಣೆ ಕೊಡುವ, ಮುಖವಿಲ್ಲದ ದನಿ ಗಂಡಸಿನದು. 2018ರ 'ಕೆಜಿಎಫ್'ನಲ್ಲಿ ಮಾಳವಿಕಾ ಅವಿನಾಶ್ ಅವರ ಪಾತ್ರ ಟಿವಿ ವಾಹಿನಿಯ ಹಿರಿಯ ಪತ್ರಕರ್ತೆಯದು, ಪ್ರಶ್ನೆ ಕೇಳುವುದು ಆಕೆ, ಆದರೆ ರಾಕಿಯ ಲೋಕವನ್ನು ಮಾತಿನಲ್ಲಿ ಕಟ್ಟಿ ನಿಲ್ಲಿಸುವುದು ಅನಂತ್ ನಾಗ್ ಅವರ ದನಿ. ಅನಂತ್ ನಾಗ್ ಅವರ ದನಿಯ ಮೇಲೆ ನನಗಿರುವ ಪ್ರೀತಿಗೆ ಇದರಿಂದ ಒಂದು ಎಳೆಯಷ್ಟೂ ಕುಂದಿಲ್ಲ. ಬಿ. ಜಯಶ್ರೀ ಅವರಂಥ, ರಂಗಮಂದಿರದ ಕೊನೆಯ ಸಾಲಿನವರ ಎದೆಗೂ ತಾಕುವ ಕಂಠ ನಮ್ಮಲ್ಲಿದೆ. ಆ ಕಂಠವನ್ನು ಕನ್ನಡ ಸಿನಿಮಾ ವರ್ಷಗಳ ಕಾಲ ಬೇರೆ ಬೇರೆ ನಾಯಕಿಯರ ತುಟಿಗೆ ಹೊಂದಿಸಿ, ಹೆಸರಿಲ್ಲದೆ ಬಳಸಿಕೊಂಡಿತು. ಪರಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡಬಾರದೆಂಬ ಕಟ್ಟುಪಾಡು ದಶಕಗಟ್ಟಲೆ ಇದ್ದ ನಾಡಿನಲ್ಲೇ, ಕನ್ನಡ ಬಾರದ ನಾಯಕಿಯರಿಗೆ ಕನ್ನಡದ ಹೆಣ್ಣುಮಕ್ಕಳು ಕತ್ತಲ ಕೋಣೆಯಲ್ಲಿ ನಿಂತು ಅತ್ತರು, ನಕ್ಕರು, ಪ್ರೇಮ ನಿವೇದಿಸಿದರು. ನಾಯಕಿಗೆ ಪ್ರಶಂಸೆ ಬಂತು, ಆ ಅಳು ಯಾರದೆಂದು ಯಾರೂ ಕೇಳಲಿಲ್ಲ.

ಅಪರ್ಣಾ ಅವರನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. ಪುಟ್ಟಣ್ಣ ಕಣಗಾಲರ 'ಮಸಣದ ಹೂವು' ಚಿತ್ರದಿಂದ ಬಂದವರು, ದೂರದರ್ಶನದಲ್ಲಿ, ಆಕಾಶವಾಣಿಯಲ್ಲಿ, ಸಾವಿರಾರು ವೇದಿಕೆಗಳಲ್ಲಿ ಕನ್ನಡ ಹೇಗಿರಬೇಕು ಎಂದು ನುಡಿದು ತೋರಿಸಿದವರು. ಅಲ್ಪಪ್ರಾಣ ಮಹಾಪ್ರಾಣ ಒಂದೂ ಜಾರದ, ಹಾಗಂತ ಎಲ್ಲೂ ಬಿಗಿಯಾಗದ ನುಡಿ. ನಮ್ಮ ಮೆಟ್ರೋದ ಕನ್ನಡ ಸೂಚನೆಗಳಲ್ಲಿ ಇಡೀ ಬೆಂಗಳೂರು ಅವರ ದನಿಯನ್ನು ದಿನವೂ ಕೇಳಿತು. 2024ರ ಜುಲೈ 11ರಂದು ಅವರು ತೀರಿಕೊಂಡಾಗ, ಮೆಟ್ರೋದಲ್ಲಿ ಮಾತಾಡುತ್ತಿದ್ದವರು ಇವರೇನಾ ಎಂದು ಅಚ್ಚರಿಪಟ್ಟವರು ಎಷ್ಟೋ ಮಂದಿ. ದಾರಿ ತೋರಿಸುವ ಕೆಲಸ ಸಣ್ಣದೆಂದು ನಾನು ಹೇಳುತ್ತಿಲ್ಲ. ಅವರು ಅದನ್ನು ಅಷ್ಟು ಘನತೆಯಿಂದ ಮಾಡಿದರು. ಒಂದು ಭಾರೀ ಐತಿಹಾಸಿಕ ಚಿತ್ರದ ಮೊದಲ ಮಾತು ಆ ದನಿಯಲ್ಲಿ ಬಂದಿದ್ದರೆ ಹೇಗಿರುತ್ತಿತ್ತು ಎಂದು ಮಾತ್ರ ಈಗಲೂ ಊಹಿಸಿಕೊಳ್ಳುತ್ತೇನೆ.

ನನ್ನ ಅನುಭವಕ್ಕೆ ಬಂದದ್ದನ್ನೂ ಹೇಳಿಬಿಡುತ್ತೇನೆ. ನೀರಾವರಿಯ ಇತಿಹಾಸ ಕುರಿತ ಒಂದು ಸಾಕ್ಷ್ಯಚಿತ್ರಕ್ಕೆ ಪೈಲಟ್ ವಾಯ್ಸ್ ಕೊಡಲು ಕರೆದಿದ್ದರು. ಅಂದರೆ ದೃಶ್ಯ ಕತ್ತರಿಸಿ ಜೋಡಿಸಲು ಅಳತೆಗೆಂದು ಇಟ್ಟುಕೊಳ್ಳುವ ತಾತ್ಕಾಲಿಕ ದನಿ, ಆಮೇಲೆ ಅಳಿಸಿಹೋಗುವಂಥದ್ದು. ಓದಿ ಮುಗಿಸಿದಾಗ ಕೋಣೆಯಲ್ಲಿದ್ದವರೆಲ್ಲ ಸ್ವಲ್ಪ ಹೊತ್ತು ಸುಮ್ಮನಿದ್ದರು. ಎಂಜಿನಿಯರ್ ಹುಡುಗ ಗಾಜಿನಾಚೆಯಿಂದ ಹೆಬ್ಬೆರಳು ಎತ್ತಿ ತೋರಿಸಿದ. ಇದನ್ನೇ ಇಟ್ಟುಕೊಳ್ಳಬಹುದಲ್ಲ ಅಂದೆ. "ತುಂಬಾ ಚೆನ್ನಾಗಿ ಓದಿದ್ದೀರಿ ಮೇಡಂ, ಆದರೆ ಇದು ಅಣೆಕಟ್ಟು, ಇತಿಹಾಸ, ಹಂಗೆಲ್ಲ ಅಲ್ವಾ? ಇದಕ್ಕೆ ಬೇಸ್ ವಾಯ್ಸೇ ಬೇಕು" ಅಂದರು ನಿರ್ಮಾಪಕರು. ಒಳ್ಳೆಯ ಮನುಷ್ಯ, ದುಡ್ಡನ್ನು ಹೇಳಿದ ದಿನಕ್ಕೆ ಕೊಟ್ಟರು. ಚಿತ್ರ ಬಂದಾಗ ನೋಡಿದೆ. ನಾನು ಉಸಿರು ತೆಗೆದುಕೊಂಡಲ್ಲೇ ಆ ಗಂಡು ದನಿಯೂ ಉಸಿರು ತೆಗೆದುಕೊಳ್ಳುತ್ತಿತ್ತು, ನಾನು ತಡೆದು ನಿಂತಲ್ಲೇ ನಿಲ್ಲುತ್ತಿತ್ತು. ನನ್ನ ನಿಲುಗಡೆಗಳೆಲ್ಲ ಆ ಚಿತ್ರದಲ್ಲಿವೆ.

ಅದಕ್ಕೇ ಕ್ಯಾರಲ್‌ಗೆ ಬಾಗಿಲು ತೆರೆಯುವ ರೀತಿ ನನ್ನನ್ನು ಅಷ್ಟು ತಟ್ಟಿತು. ಗುಸ್ತಾವ್ ಒಂದು ರೆಕಾರ್ಡಿಂಗ್‌ಗೆ ಬರುವುದಿಲ್ಲ. ಸ್ಟುಡಿಯೋದ ಸೌಂಡ್ ಎಂಜಿನಿಯರ್, ಅವಳನ್ನು ಒಳಗೊಳಗೇ ಇಷ್ಟಪಡುವ ಲೂಯಿಸ್, ತಾತ್ಕಾಲಿಕ ದನಿ ಕೊಡು ಎನ್ನುತ್ತಾನೆ. ಅವಳು ಕೊಡುತ್ತಾಳೆ. ಕೇಳಿದವರಿಗೆ ಅದೇ ಹಿಡಿಸುತ್ತದೆ. ಇನ್ನು ಲಾಫಾಂಟೇನ್ ಅವರ ಬದುಕನ್ನು ತೆಗೆದು ನೋಡಿ. ಅವರು ಮೂಲತಃ ಧ್ವನಿ ಸಂಕಲನದ ಕೆಲಸದವರು. 1964ರಲ್ಲಿ ಒಂದು ಕೌಬಾಯ್ ಸಿನಿಮಾದ ಪ್ರಚಾರಕ್ಕೆ ದನಿ ಕೊಡಬೇಕಿದ್ದವರು ಬರಲಿಲ್ಲ. ಕೆಲಸ ನಿಲ್ಲಬಾರದೆಂದು ಇವರೇ ಓದಿದರು. ಅದೇ ಉಳಿಯಿತು. ಟ್ರೇಲರ್ ಲೋಕದ ಆ ಸಿಂಹಾಸನ ಶುರುವಾದದ್ದೇ ಒಬ್ಬರ ಗೈರುಹಾಜರಿಯಿಂದ, ಇನ್ನೊಬ್ಬರ ಪೈಲಟ್ ವಾಯ್ಸಿನಿಂದ. ಬಹುಶಃ ಲೇಕ್ ಬೆಲ್ ಇದನ್ನು ತಿಳಿದೇ ಕ್ಯಾರಲ್‌ಗೂ ಅದೇ ಬಾಗಿಲು ಇಟ್ಟಿರಬೇಕು.

ಇದು ಮನಸ್ಸಿನಲ್ಲಿದ್ದರೆ ಸಿನಿಮಾದ ಅತಿ ಕಹಿ ದೃಶ್ಯ ಬೇರೆಯಾಗಿ ಕಾಣುತ್ತದೆ. ಟ್ರೇಲರ್ ಪ್ರಶಸ್ತಿ ಸಮಾರಂಭದ ರಾತ್ರಿ, ಕ್ಯಾರಲ್‌ನ ದನಿ ಮೊಳಗಿ, ಅವಳು ಗೆದ್ದಾಗಿದೆ. ಶೌಚಾಲಯದ ಕನ್ನಡಿಯ ಮುಂದೆ ಸಿನಿಮಾ ಸಂಸ್ಥೆಯ ಅಧಿಕಾರಿ ಕ್ಯಾಥರೀನ್ ಹ್ಯೂಲಿಂಗ್ ಸಿಗುತ್ತಾಳೆ, ಪಾತ್ರ ಮಾಡಿರುವುದು ಜೀನಾ ಡೇವಿಸ್. ಕೃತಜ್ಞತೆ ಹೇಳಹೊರಟ ಕ್ಯಾರಲ್‌ಗೆ ಆಕೆ ನಿಷ್ಠುರವಾಗಿ ತಿಳಿಸುತ್ತಾಳೆ, ನಿನ್ನನ್ನು ಆರಿಸಿದ್ದು ನೀನು ಎಲ್ಲರಿಗಿಂತ ಚೆನ್ನಾಗಿದ್ದೆ ಎಂದಲ್ಲ. ಆ ದನಿ ಹೆಣ್ಣಿನದಾಗಿರಬೇಕಿತ್ತು, ಅದನ್ನು ಕೇಳುವ ಹುಡುಗಿಯರಿಗೋಸ್ಕರ ಅದು ಮುಖ್ಯವಾಗಿತ್ತು. ಜೀನಾ ಡೇವಿಸ್ ಅವರ ಬಾಯಲ್ಲಿ ಈ ಮಾತು ಬರುವುದಕ್ಕೆ ಒಂದು ತೂಕವಿದೆ. ಮಕ್ಕಳ ಕಾರ್ಯಕ್ರಮಗಳಲ್ಲಿ ಹೆಣ್ಣು ಪಾತ್ರಗಳು ಎಷ್ಟು ಕಡಿಮೆ ಎಂದು ಮಗಳ ಜೊತೆ ಕೂತು ನೋಡುವಾಗ ಹೊಳೆದು, 2004ರಲ್ಲಿ ಈ ವಿಷಯದ ಅಧ್ಯಯನಕ್ಕೇ ಸಂಸ್ಥೆ ಕಟ್ಟಿದವರು ಅವರು.

ಆ ದೃಶ್ಯ ಕ್ಯಾರಲ್‌ಳ ಗೆಲುವನ್ನು ಸಣ್ಣದು ಮಾಡಿತು ಎಂದು ನನ್ನ ಗೆಳತಿಯೊಬ್ಬಳು ವಾದಿಸಿದಳು. ನಾನು ಒಪ್ಪುವುದಿಲ್ಲ. ಲಾಫಾಂಟೇನ್ ಆ ದಿನ ಆಯ್ಕೆಯಾದದ್ದು ಅಮೆರಿಕದ ಅತ್ಯುತ್ತಮ ದನಿ ಎಂಬ ಕಾರಣಕ್ಕಲ್ಲ, ಅಲ್ಲಿ ಇದ್ದರು ಎಂಬ ಕಾರಣಕ್ಕೆ. ಅತ್ಯುತ್ತಮರಾದದ್ದು ಆಮೇಲೆ, ಸಾವಿರಾರು ಸಲ ಮೈಕಿನ ಮುಂದೆ ನಿಂತು. ಅವರನ್ನು ಯಾರೂ ಮೂಲೆಗೆ ಕರೆದು ನೀನು ಅರ್ಹತೆಯಿಂದ ಬಂದವನಲ್ಲ ಎನ್ನಲಿಲ್ಲ. ಹೆಣ್ಣಿಗೆ ಮಾತ್ರ ಮೊದಲ ಅವಕಾಶದಲ್ಲೇ ಅರ್ಹತೆಯ ಪ್ರಮಾಣಪತ್ರ ತೋರಿಸಬೇಕಾಗುತ್ತದೆ. ಹ್ಯೂಲಿಂಗ್ ಕ್ಯಾರಲ್‌ಗೆ ಕೊಟ್ಟದ್ದು ಮೊದಲ ಅವಕಾಶ. ಒಂದು ಕೊರಗು ನನಗೂ ಇದೆ, ಅದು ಬೇರೆ. ಈ ಸಿನಿಮಾ ಬರುವ ಹೊತ್ತಿಗೆ ಟ್ರೇಲರ್‌ಗಳಲ್ಲಿ ನಿರೂಪಕರ ದನಿಯೇ ಅಪರೂಪವಾಗಿತ್ತು. ಪಾತ್ರಗಳ ಮಾತು, ಸಂಗೀತ, ಪರದೆಯ ಮೇಲೆ ಎರಡು ಸಾಲು, ಅಷ್ಟರಲ್ಲೇ ಮುಗಿಸುವ ರೂಢಿ ಬಂದಾಗಿತ್ತು. ಹೆಣ್ಣುಮಕ್ಕಳಿಗೆ ಆ ಕುರ್ಚಿ ಸಿಗುವ ಮುಂಚೆಯೇ ಕುರ್ಚಿಯನ್ನು ಒಳಗೆ ಎತ್ತಿಟ್ಟಿದ್ದರು.

ಈ ಸಿನಿಮಾದ ಜೊತೆ ನನಗೆ ಜಗಳವಿರುವುದು ಬೇರೊಂದು ವಿಷಯಕ್ಕೆ. ಮಗುವಿನ ಹಾಗೆ ಕೀರಲಾಗಿ, ಪ್ರತಿ ವಾಕ್ಯವನ್ನೂ ಪ್ರಶ್ನೆಯಂತೆ ಮೇಲಕ್ಕೆಳೆದು ಮಾತಾಡುವ ಯುವತಿಯರನ್ನು ಕಂಡರೆ ಕ್ಯಾರಲ್‌ಗೆ ಆಗುವುದಿಲ್ಲ. ದಾರಿಯಲ್ಲಿ ಸಿಕ್ಕ ಅಂಥ ಒಬ್ಬಳಿಗೆ ತನ್ನ ಕಾರ್ಡ್ ಕೊಡುತ್ತಾಳೆ. ಕೊನೆಗೆ ಅಂಥವರಿಗೆಂದೇ ತರಗತಿ ನಡೆಸುತ್ತಾಳೆ. ಹೆಣ್ಣುಮಕ್ಕಳು ಗಂಡಸರಿಗೆ ಮುದ್ದಾಗಿ ಕಾಣಲೆಂದು ದನಿಯನ್ನು ಚಿಕ್ಕದು ಮಾಡಿಕೊಳ್ಳುತ್ತಾರೆ, ಅದು ಅವರಿಗೇ ಕೇಡು ಎಂದು ಲೇಕ್ ಬೆಲ್ ಸಂದರ್ಶನಗಳಲ್ಲೂ ಕಳಕಳಿಯಿಂದ ಮಾತಾಡಿದ್ದಾರೆ. ಅವರ ಕಳಕಳಿ ಅರ್ಥವಾಗುತ್ತದೆ, ಆದರೂ ಆ ದೃಶ್ಯಗಳಲ್ಲಿ ನನಗೆ ಸ್ಯಾಮ್‌ನ ಮಾತೇ ಮತ್ತೆ ಕೇಳಿಸಿತು. ನಿನ್ನ ದನಿ ಹೀಗಿದ್ದರೆ ಯಾರೂ ನಿನ್ನನ್ನು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ, ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ. ನಮ್ಮ ಮನೆಗಳಲ್ಲಿ ಹುಡುಗಿ ಗಟ್ಟಿಯಾಗಿ ಮಾತಾಡಿದರೆ ಗಂಡುಬೀರಿ, ಸಣ್ಣಗೆ ಮಾತಾಡಿದರೆ ಬಾಯಿಲ್ಲದವಳು, ರಾಗ ಎಳೆದರೆ ನಾಟಕ. ಮಂಡ್ಯದಿಂದ ಬಂದ ಹುಡುಗಿ ಸ್ಟುಡಿಯೋದಲ್ಲಿ ಮಂಡ್ಯದ ರಾಗ ಬಿಡಬೇಕು, ಕಲಬುರಗಿಯಿಂದ ಬಂದವಳು ಅಲ್ಲಿಯದನ್ನು. ತಿದ್ದಿಸಿಕೊಳ್ಳುವ ಸರದಿ ಯಾವಾಗಲೂ ಮಾತಾಡುವವಳದ್ದು, ಕೇಳುವವರ ಕಿವಿಯನ್ನು ತಿದ್ದುವ ತರಗತಿ ಎಲ್ಲೂ ನಡೆದದ್ದು ಕಾಣೆ.

ಲೋಕದ ಎಲ್ಲ ರಾಗಗಳನ್ನೂ ಪ್ರೀತಿಯಿಂದ ಟೇಪಿನಲ್ಲಿ ಕೂಡಿಟ್ಟುಕೊಳ್ಳುವ ಕ್ಯಾರಲ್‌ಗೆ ಈ ಒಂದು ರಾಗದ ಮೇಲೆ ಮಾತ್ರ ಯಾಕೆ ಕರುಣೆಯಿಲ್ಲ? ಅವಳ ಟೇಪೇ ಅಲ್ಲವೆ ಅಕ್ಕ ಡ್ಯಾನಿಯ ಸಂಸಾರವನ್ನು ಮೊದಲು ಕದಡಿ, ಆಮೇಲೆ ಕೂಡಿಸಿದ್ದು? ಹೋಟೆಲಿನ ಐರಿಷ್ ಅತಿಥಿಯ ಮಾತನ್ನು ತಂಗಿಗಾಗಿ ರೆಕಾರ್ಡ್ ಮಾಡಲು ಹೋಗಿ ಡ್ಯಾನಿ ಮನಸ್ಸು ಜಾರಿಸಿಕೊಳ್ಳುತ್ತಾಳೆ, ಗಂಡ ಅದನ್ನು ಕೇಳಿಸಿಕೊಳ್ಳುತ್ತಾನೆ. ಮುಂದೆ ಡ್ಯಾನಿಯ ಪಶ್ಚಾತ್ತಾಪವೂ ದನಿಯಾಗಿಯೇ ಅವನನ್ನು ಮುಟ್ಟುತ್ತದೆ. ದನಿಯ ಗುಣಕ್ಕಿಂತ ಅದರೊಳಗಿನ ಸತ್ಯ ಮುಖ್ಯ ಎಂದು ಆ ಪುಟ್ಟ ಉಪಕಥೆ ಎಷ್ಟು ಚೆಂದವಾಗಿ ತೋರಿಸುತ್ತದೆ.

ನನ್ನ ಈ ಜಗಳಕ್ಕೆ ಸಿನಿಮಾದಲ್ಲೇ ಒಂದು ಉತ್ತರವೂ ಇದೆ, ಅದು ಜೇಮೀ. ಸ್ಯಾಮ್‌ನ ಆ ಚಿಕ್ಕ ವಯಸ್ಸಿನ ಗೆಳತಿಯ ದನಿ ತೆಳ್ಳಗೆ, ಎಳಸು. ಅವಳು ಬಾಯಿ ತೆರೆದಾಗಲೆಲ್ಲ ನಾವು ನಗಬೇಕೆಂದೇ ಮೊದಲರ್ಧ ನಮ್ಮನ್ನು ತಯಾರು ಮಾಡುತ್ತದೆ, ಅಕ್ಕತಂಗಿಯರೂ ಅವಳನ್ನು ಲೆಕ್ಕಕ್ಕಿಡುವುದಿಲ್ಲ. ಆದರೆ ಆ ಪ್ರಶಸ್ತಿ ಸಮಾರಂಭದ ರಾತ್ರಿ, ಮಗಳ ದನಿ ಪರದೆಯ ಮೇಲೆ ಕೇಳಿ ಹೊಟ್ಟೆಕಿಚ್ಚಿನಲ್ಲಿ ಬೇಯುತ್ತಿದ್ದ ಸ್ಯಾಮ್‌ನನ್ನು ನಿಲ್ಲಿಸಿ, ನೀನು ಮಾಡುತ್ತಿರುವುದು ತಪ್ಪು ಎಂದು ಮುಖಕ್ಕೆ ಹೇಳುವ ಧೈರ್ಯ ಇದ್ದದ್ದು ಅವಳೊಬ್ಬಳಿಗೇ. ಹೇಳುವಾಗ ಜೇಮೀ ದನಿಯನ್ನು ಕೆಳಗಿಳಿಸುವುದಿಲ್ಲ, ಗತ್ತು ತಂದುಕೊಳ್ಳುವುದಿಲ್ಲ. ಅದೇ ಎಳಸು ದನಿಯಲ್ಲೇ ಹೇಳುತ್ತಾಳೆ, ಐವತ್ತು ವರ್ಷ ಬೇರೆಯವರನ್ನು ನಡುಗಿಸಿದ ಮನುಷ್ಯ ತಲೆತಗ್ಗಿಸಿ ಕೇಳುತ್ತಾನೆ. ಕ್ಯಾರಲ್‌ಳ ತರಗತಿಗೆ ಜೇಮೀಯನ್ನು ಪಾಠ ಹೇಳಲು ಕರೆಯಬೇಕಿತ್ತು.